ಶಾಲೆಯಲ್ಲಿ ತೀವ್ರ ಅಲರ್ಜಿ: ಅಡ್ರಿನಲಿನ್ ಸಿದ್ಧವಾಗಿ ಇಟ್ಟುಕೊಳ್ಳುವ ಬಗೆ

ನಾಗರ ಪಂಚಮಿಯ ಮರುದಿನ ದಾವಣಗೆರೆ, ಚಿತ್ರದುರ್ಗ ಸೀಮೆಯ ಯಾವ ಶಾಲೆಗೆ ಹೋದರೂ ಮಕ್ಕಳ ಬುತ್ತಿಡಬ್ಬಿಯಲ್ಲಿ ಶೇಂಗಾ ಉಂಡೆಯೋ ಎಳ್ಳುಂಡೆಯೋ ಇದ್ದೇ ಇರುತ್ತದೆ. ಸಂಕ್ರಾಂತಿ ಬಂದರೆ ಎಳ್ಳುಬೆಲ್ಲದ ಪೊಟ್ಟಣ ಬೆಂಚಿನಿಂದ ಬೆಂಚಿಗೆ ಕೈ ಬದಲಾಗುತ್ತದೆ. ಬಹುಪಾಲು ಮಕ್ಕಳಿಗೆ ಇದು ಹಬ್ಬದ ಸಂತೋಷವಷ್ಟೆ. ಆದರೆ ಅಪರೂಪಕ್ಕೆ ಒಂದು ಮಗುವಿಗೆ ಇದರಲ್ಲಿ ಒಂದು ತುತ್ತು ಸಾಕಾಗಿ, ಹತ್ತು ಹದಿನೈದು ನಿಮಿಷಗಳಲ್ಲಿ ಉಸಿರಾಟ ಕಷ್ಟವಾಗುವ ಮಟ್ಟಕ್ಕೆ ಹೋಗಬಹುದು. ಅನಾಫಿಲ್ಯಾಕ್ಸಿಸ್ ಎಂದು ವೈದ್ಯರು ಕರೆಯುವ ಈ ತೀವ್ರ ಅಲರ್ಜಿಗೆ ಶಾಲೆಯೊಂದು ಹೇಗೆ ಸಿದ್ಧವಾಗಬೇಕು, ಅಂಥ ಹೊತ್ತು ಬಂದಾಗ ಯಾವುದನ್ನು ಮೊದಲು ಮಾಡಬೇಕು ಎಂಬುದನ್ನು ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು ಮತ್ತು ಪೋಷಕರಿಗಾಗಿ ಇಲ್ಲಿ ಹಂತಹಂತವಾಗಿ ಬರೆಯಲಾಗಿದೆ. ಔಷಧದ ಪ್ರಮಾಣವನ್ನು ಆಯಾ ಮಗುವಿನ ವೈದ್ಯರೇ ನಿಗದಿ ಮಾಡಬೇಕು. ಇಲ್ಲಿ ಕೊಟ್ಟಿರುವ ಅಂಕಿಗಳು ಅವರು ಬರೆದುಕೊಟ್ಟದ್ದನ್ನು ಅರ್ಥಮಾಡಿಕೊಳ್ಳಲು ಮಾತ್ರ.

ಮೊದಲು ಔಷಧದ ವಿಷಯ. ತೀವ್ರ ಅಲರ್ಜಿಯಲ್ಲಿ ದೇಹದ ಕೆಲವು ಜೀವಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಹೊರಹಾಕುವುದರಿಂದ ರಕ್ತನಾಳಗಳು ಹಿಗ್ಗಿ ಸೋರತೊಡಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಗಂಟಲು ಊದಿಕೊಳ್ಳುತ್ತದೆ, ಶ್ವಾಸನಾಳ ಬಿಗಿಯುತ್ತದೆ. ಇವೆಲ್ಲವನ್ನೂ ಒಟ್ಟಿಗೆ ಹಿಮ್ಮೆಟ್ಟಿಸಬಲ್ಲ ಔಷಧ ಅಡ್ರಿನಲಿನ್ ಒಂದೇ. ಅದು ರಕ್ತನಾಳಗಳನ್ನು ಬಿಗಿಗೊಳಿಸಿ ಒತ್ತಡವನ್ನು ಮೇಲೆತ್ತುತ್ತದೆ, ಶ್ವಾಸನಾಳವನ್ನು ಸಡಿಲಿಸುತ್ತದೆ, ರಾಸಾಯನಿಕಗಳ ಬಿಡುಗಡೆಯನ್ನೂ ತಗ್ಗಿಸುತ್ತದೆ. ತೊಡೆಯ ಸ್ನಾಯುವಿಗೆ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಕೆಲಸ ಆರಂಭಿಸುತ್ತದೆ. ನಮ್ಮ ಕಡೆ ಅಲರ್ಜಿ ಎಂದೊಡನೆ ಎಲ್ಲರ ಕೈಯೂ ಹೋಗುವುದು ಏವಿಲ್ ಅಥವಾ ಸೆಟಿರಿಜಿನ್ ಮಾತ್ರೆಯ ಕಡೆಗೆ. ತುರಿಕೆ, ದದ್ದುಗಳಿಗೆ ಅವು ಸರಿ. ಆದರೆ ಊದಿದ ಗಂಟಲನ್ನು ಅವು ಬಿಡಿಸಲಾರವು, ಕುಸಿದ ರಕ್ತದೊತ್ತಡವನ್ನು ಎತ್ತಲಾರವು, ತುರಿಕೆಯ ಮೇಲೂ ಅವು ಕೆಲಸ ಮಾಡಲು ಅರ್ಧ ಗಂಟೆಯಾದರೂ ಬೇಕು. ಸ್ಟೀರಾಯ್ಡ್ ಇಂಜೆಕ್ಷನ್ ಪರಿಣಾಮ ತೋರಲು ಗಂಟೆಗಳೇ ಹಿಡಿಯುತ್ತವೆ. ಮಾತ್ರೆ ಕೊಟ್ಟು ‘ನೋಡೋಣ’ ಎಂದು ಕಾಯುವ ಆ ಅರ್ಧ ಗಂಟೆಯೇ ಈ ಕಾಯಿಲೆಯಲ್ಲಿ ಅತ್ಯಂತ ಅಪಾಯದ ಸಮಯವಾಗಿರುವುದರಿಂದ, ಈ ಲೇಖನದಲ್ಲಿ ಬೇರೇನು ಮರೆತರೂ ಅಡ್ರಿನಲಿನ್ ಮೊದಲು, ಉಳಿದದ್ದೆಲ್ಲ ಆಮೇಲೆ ಎಂಬುದನ್ನು ಮರೆಯಬಾರದು.

ಮೊದಲ ಹಂತ: ಜೂನ್ ತಿಂಗಳಲ್ಲೇ ಪಟ್ಟಿ

ಶಾಲೆ ಆರಂಭವಾಗುವ ಹೊತ್ತಿಗೆ ದಾಖಲಾತಿ ಅರ್ಜಿಯೊಂದಿಗೆ ಒಂದು ಪುಟದ ಆರೋಗ್ಯ ವಿವರವನ್ನು ಪ್ರತಿ ಮಗುವಿನ ಮನೆಯಿಂದ ಬರೆಸಿಕೊಳ್ಳಬೇಕು. ‘ನಿಮ್ಮ ಮಗುವಿಗೆ ಅಲರ್ಜಿ ಇದೆಯೇ’ ಎಂದು ಕೇಳಿದರೆ ಬಹಳಷ್ಟು ತಾಯಂದಿರು ಇಲ್ಲವೆಂದೇ ಬರೆಯುತ್ತಾರೆ, ಏಕೆಂದರೆ ಮನೆಯಲ್ಲಿ ಅದಕ್ಕೆ ಅಲರ್ಜಿ ಎಂಬ ಹೆಸರಿರುವುದಿಲ್ಲ. ‘ಏನಾದರೂ ತಿಂದ ಮೇಲೆ ಮೈಮೇಲೆ ಪಿತ್ತಗಂಧೆ ಎದ್ದಿದೆಯೇ, ತುಟಿ ಅಥವಾ ಕಣ್ಣು ಊದಿದೆಯೇ, ವಾಂತಿಯಾಗಿದೆಯೇ, ಜೇನುಹುಳ ಅಥವಾ ಕಣಜ ಕಚ್ಚಿದಾಗ ಕಚ್ಚಿದ ಜಾಗ ಬಿಟ್ಟು ಬೇರೆ ಕಡೆಯೂ ಊದಿದೆಯೇ, ಯಾವುದಾದರೂ ಮಾತ್ರೆ ಅಥವಾ ಸೂಜಿಯಿಂದ ತೊಂದರೆಯಾಗಿದೆಯೇ, ಉಬ್ಬಸ ಇದೆಯೇ’ ಎಂದು ಬಿಡಿಸಿ ಕೇಳಿದರೆ ನಿಜವಾದ ಉತ್ತರ ಬರುತ್ತದೆ. ಉಬ್ಬಸದ ಪ್ರಶ್ನೆಯನ್ನು ಬಿಡಲೇಬಾರದು; ಉಬ್ಬಸವಿರುವ, ಅದರಲ್ಲೂ ಅದು ಹತೋಟಿಯಲ್ಲಿಲ್ಲದ ಮಗುವಿಗೆ ಆಹಾರದ ಅಲರ್ಜಿ ಬಂದರೆ ಅದು ತೀವ್ರವಾಗುವ ಸಂಭವ ಹೆಚ್ಚು. ಮಾತ್ರೆಯ ಪ್ರಶ್ನೆಯೂ ಮುಖ್ಯವೇ, ಏಕೆಂದರೆ ಜಂತುಹುಳದ ಮಾತ್ರೆ, ಕಬ್ಬಿಣಾಂಶದ ಮಾತ್ರೆ, ಹತ್ತು ಮತ್ತು ಹದಿನಾರನೆಯ ವಯಸ್ಸಿನ ಟಿಡಿ (ಧನುರ್ವಾಯು, ಗಂಟಲಮಾರಿ) ಲಸಿಕೆ ಇವೆಲ್ಲ ಶಾಲೆಯಲ್ಲೇ ನಡೆಯುತ್ತವೆ.

ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬಂದಾಗ ಈ ಪಟ್ಟಿಯನ್ನು ಅವರ ಮುಂದಿಡಬೇಕು. ಹಿಂದೆ ತೀವ್ರ ಅಲರ್ಜಿ ಆಗಿದ್ದ ಮಗು ಪಟ್ಟಿಯಲ್ಲಿದ್ದರೆ ಮಕ್ಕಳ ತಜ್ಞರಲ್ಲಿಗೆ ಕಳಿಸುವುದು ಅವರಿಂದ ಸುಲಭವಾಗುತ್ತದೆ. ಖಾಸಗಿ ಶಾಲೆಯವರು ನೇರವಾಗಿ ಪೋಷಕರಿಗೇ ಹೇಳಬೇಕು.

ಎರಡನೆಯ ಹಂತ: ವೈದ್ಯರ ಬರಹ, ಮನೆಯವರ ಒಪ್ಪಿಗೆ

‘ಇಂಜೆಕ್ಷನ್ ಕೊಟ್ಟು ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆ’ ಎಂಬ ಶಿಕ್ಷಕರ ಅಂಜಿಕೆ ಸಹಜವಾದದ್ದು. ಅದನ್ನು ಹೇಡಿತನವೆಂದು ತಳ್ಳಿಹಾಕುವುದು ತಪ್ಪು. ಹೊರದೇಶಗಳಲ್ಲಿ ಇದೇ ಅಂಜಿಕೆಗೆ ಕಾನೂನಿನ ಮೂಲಕ ಉತ್ತರ ಕೊಟ್ಟಿದ್ದಾರೆ. ಕೆನಡಾದ ಒಂಟಾರಿಯೊ ಪ್ರಾಂತ್ಯ ತೀವ್ರ ಅಲರ್ಜಿಯಿಂದ ಶಾಲಾ ಬಾಲಕಿಯೊಬ್ಬಳು ಸತ್ತ ಬಳಿಕ 2005ರಲ್ಲಿ ಅವಳ ಹೆಸರಿನಲ್ಲೇ ‘ಸಬ್ರೀನಾ ಕಾನೂನು’ ಮಾಡಿ ಪ್ರತಿ ಶಾಲೆಗೂ ಅಲರ್ಜಿ ಯೋಜನೆಯನ್ನು ಕಡ್ಡಾಯಗೊಳಿಸಿತು. ಅಮೆರಿಕದಲ್ಲಿ 2013ರ ಕಾನೂನು ಶಾಲೆಗಳು ಅಡ್ರಿನಲಿನ್ ದಾಸ್ತಾನು ಇಟ್ಟುಕೊಳ್ಳುವಂತೆ ರಾಜ್ಯಗಳಿಗೆ ಉತ್ತೇಜನ ಕೊಟ್ಟಿತು. ಬ್ರಿಟನ್ನಿನಲ್ಲಿ 2017ರ ಅಕ್ಟೋಬರ್‌ನಿಂದ ಶಾಲೆಗಳು ತುರ್ತಿಗಾಗಿ ವೈದ್ಯರ ಚೀಟಿಯಿಲ್ಲದೆಯೇ ಅಡ್ರಿನಲಿನ್ ಪೆನ್ನುಗಳನ್ನು (ಪೆನ್ನಿನಾಕಾರದ ಸಿದ್ಧ ಇಂಜೆಕ್ಷನ್) ಕೊಳ್ಳಬಹುದು. ನಮ್ಮಲ್ಲಿ ಶಾಲೆ ಅಡ್ರಿನಲಿನ್ ಇಟ್ಟುಕೊಳ್ಳಲೇಬೇಕೆಂಬ ಪ್ರತ್ಯೇಕ ಕಾನೂನಿಲ್ಲದಿರುವುದರಿಂದ, ಶಿಕ್ಷಕರ ಕೈಗೆ ಬಲ ಬರುವುದು ಆಯಾ ಮಗುವಿನ ಹೆಸರಿನಲ್ಲಿ ವೈದ್ಯರು ಬರೆದುಕೊಟ್ಟ ಕಾಗದ ಮತ್ತು ಪೋಷಕರ ಸಹಿಯಿಂದ.

ಆ ಕಾಗದದಲ್ಲಿ ಮಗುವಿನ ಹೆಸರು, ತರಗತಿ, ಇತ್ತೀಚಿನ ಭಾವಚಿತ್ರ, ಯಾವುದರಿಂದ ಅಲರ್ಜಿ, ಮಗುವಿನ ತೂಕ, ಯಾವ ಲಕ್ಷಣ ಕಂಡರೆ ಅಡ್ರಿನಲಿನ್ ಕೊಡಬೇಕು, ಎಷ್ಟು, ಎಲ್ಲಿ, ಎರಡನೆಯ ಸಲ ಯಾವಾಗ ಎಂಬುದೆಲ್ಲ ಕನ್ನಡದಲ್ಲಿ, ಸ್ಪಷ್ಟ ಅಕ್ಷರದಲ್ಲಿ ಇರಬೇಕು. ಪ್ರಮಾಣವನ್ನು ಸಾಮಾನ್ಯವಾಗಿ ತೂಕದ ಪ್ರತಿ ಕೆ.ಜಿ.ಗೆ 0.01 ಮಿ.ಗ್ರಾಂ. ಲೆಕ್ಕದಲ್ಲಿ ಹಾಕುತ್ತಾರೆ. 1 ಮಿ.ಲೀ.ಗೆ 1 ಮಿ.ಗ್ರಾಂ. ಇರುವ ಔಷಧವಾದರೆ 24 ಕೆ.ಜಿ. ತೂಕದ ಮಗುವಿಗೆ ಅದು 0.24 ಮಿ.ಲೀ. ಆಗುತ್ತದೆ. ಚಿಕ್ಕ ಮಕ್ಕಳಿಗೆ ಒಂದು ಸಲಕ್ಕೆ 0.3 ಮಿ.ಗ್ರಾಂ., ಹದಿಹರೆಯದವರಿಗೆ ಮತ್ತು ದೊಡ್ಡವರಿಗೆ 0.5 ಮಿ.ಗ್ರಾಂ. ಮೀರುವಂತಿಲ್ಲ. ‘ಸ್ವಲ್ಪ’, ‘ಅರ್ಧಕ್ಕಿಂತ ಕಡಿಮೆ’ ಎಂಬಂಥ ಮಾತುಗಳಿರುವ ಕಾಗದವನ್ನು ಶಾಲೆ ಒಪ್ಪಿಕೊಳ್ಳಬಾರದು. ಅಂಕಿ ಬರೆಸಿಕೊಂಡು ಬನ್ನಿ ಎಂದು ವಿನಯದಿಂದಲೇ ವಾಪಸು ಕಳಿಸಬೇಕು. ಮಕ್ಕಳು ಬೆಳೆಯುವುದರಿಂದ ಈ ಕಾಗದಕ್ಕೆ ಒಂದೇ ವರ್ಷದ ಆಯುಷ್ಯ.

ಶಾಲೆಯ ಕಡೆಯಿಂದ ಕನಿಷ್ಠ ಮೂವರು ಹೊಣೆ ಹೊತ್ತು ಅದೇ ಹಾಳೆಯಲ್ಲಿ ಸಹಿ ಮಾಡಬೇಕು. ಒಬ್ಬರು ತರಬೇತಿಗೋ ಚುನಾವಣಾ ಕೆಲಸಕ್ಕೋ ಹೋಗಿರುತ್ತಾರೆ, ಇನ್ನೊಬ್ಬರು ರಜೆಯಲ್ಲಿರುತ್ತಾರೆ. ಹಾಗಾದ ದಿನವೂ ಶಾಲೆಯಲ್ಲಿ ಒಬ್ಬರು ಇರಬೇಕೆಂದರೆ ಮೂವರಿಗಿಂತ ಕಡಿಮೆಯಾದರೆ ನಡೆಯದು. ಇಬ್ಬರೇ ಶಿಕ್ಷಕರಿರುವ ಹಳ್ಳಿಯ ಶಾಲೆಯಲ್ಲಿ ಅಡುಗೆಯವರನ್ನೂ ಪಕ್ಕದ ಅಂಗನವಾಡಿಯವರನ್ನೂ ಸೇರಿಸಿಕೊಳ್ಳುವುದರಲ್ಲಿ ಸಂಕೋಚ ಬೇಕಿಲ್ಲ. ಅವರ ಕೈ ಎಷ್ಟೋ ವೇಳೆ ನಮ್ಮ ಕೈಗಿಂತ ಗಟ್ಟಿ.

ಮೂರನೆಯ ಹಂತ: ಔಷಧವನ್ನು ಹೊಂದಿಸುವುದು

ತೊಡೆಗೆ ಒತ್ತಿದರೆ ತಾನೇ ಸೂಜಿ ಚುಚ್ಚಿ ನಿಗದಿತ ಪ್ರಮಾಣ ಕೊಡುವ ಪೆನ್ನು ಹೊರದೇಶಗಳ ಶಾಲೆಗಳಲ್ಲಿ ಸಾಮಾನ್ಯ. ಅಮೆರಿಕದಲ್ಲಿ 2024ರ ಆಗಸ್ಟ್‌ನಲ್ಲಿ ಮೂಗಿಗೆ ಸಿಂಪಡಿಸುವ ಅಡ್ರಿನಲಿನ್‌ಗೂ ಅನುಮತಿ ಸಿಕ್ಕಿದೆ. ನಮ್ಮ ಔಷಧ ಅಂಗಡಿಗಳಲ್ಲಿ ಪೆನ್ನು ಸುಲಭವಾಗಿ ಸಿಗುವುದಿಲ್ಲ, ತರಿಸಿದರೂ ದುಬಾರಿ. ಹೊರದೇಶದಲ್ಲಿರುವ ನೆಂಟರು ತಂದುಕೊಟ್ಟ ಪೆನ್ನನ್ನು ಪೋಷಕರು ಶಾಲೆಗೆ ಒಪ್ಪಿಸುವುದುಂಟು. ಹಾಗಿದ್ದರೆ ಅದು 0.15 ಮಿ.ಗ್ರಾಂ.ನದೋ 0.3 ಮಿ.ಗ್ರಾಂ.ನದೋ ಎಂಬುದನ್ನು ವೈದ್ಯರ ಕಾಗದಕ್ಕೆ ಹೋಲಿಸಿ ನೋಡಬೇಕು. ಒಂದೊಂದು ಕಂಪನಿಯ ಪೆನ್ನಿನ ಮುಚ್ಚಳ ತೆಗೆಯುವ ರೀತಿ, ಒತ್ತಿ ಹಿಡಿಯಬೇಕಾದ ಸೆಕೆಂಡುಗಳು ಬೇರೆಬೇರೆಯಾಗಿರುವುದರಿಂದ ಅದರ ಮೇಲಿನ ಸೂಚನೆಯನ್ನು ಕನ್ನಡದಲ್ಲಿ ಬರೆದು ಜೊತೆಗೇ ಕಟ್ಟಿಡಬೇಕು. ತಲೆಕೆಳಗಾಗಿ ಹಿಡಿದು ತಮ್ಮ ಹೆಬ್ಬೆರಳಿಗೇ ಚುಚ್ಚಿಕೊಂಡವರು ಲೋಕದಲ್ಲಿ ಬೇಕಾದಷ್ಟಿದ್ದಾರೆ.

ಉಳಿದವರ ಪಾಲಿಗೆ ಇರುವುದು ಗಾಜಿನ ಆಂಪೂಲ್, ಅಂದರೆ ಕತ್ತು ಮುರಿದು ಔಷಧ ಎಳೆದುಕೊಳ್ಳುವ ಪುಟ್ಟ ಶೀಸೆ. ಬೆಲೆ ಅತ್ಯಲ್ಪ, ದೊಡ್ಡ ಆಸ್ಪತ್ರೆಗಳ ಸುತ್ತಲಿನ ಔಷಧ ಅಂಗಡಿಗಳಲ್ಲಿ ವೈದ್ಯರ ಚೀಟಿ ತೋರಿಸಿದರೆ ಸಿಗುತ್ತದೆ. ಕೊಳ್ಳುವಾಗ ಹೆಸರನ್ನು ಅಕ್ಷರ ಅಕ್ಷರವಾಗಿ ಓದಬೇಕು; ನಾರ್‌ಅಡ್ರಿನಲಿನ್ ಎಂಬುದು ಬೇರೆಯದೇ ಔಷಧ, ಆದರೆ ಹೆಸರೂ ಆಂಪೂಲೂ ಒಂದನ್ನೊಂದು ಹೋಲುತ್ತವೆ. ಸಿರಿಂಜ್ 1 ಮಿ.ಲೀ.ನದಾಗಿದ್ದು, ಅದರ ಮೇಲೆ 0.01 ಮಿ.ಲೀ. ಅಂತರದ ಗೆರೆಗಳಿರಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇನ್ಸುಲಿನ್ ಸಿರಿಂಜನ್ನೇ ತಂದುಕೊಡುವುದುಂಟು. ಅದರ ಗೆರೆಗಳು ಯೂನಿಟ್ ಲೆಕ್ಕದವು, ಮಿ.ಲೀ. ಲೆಕ್ಕದವಲ್ಲ, ಸೂಜಿಯೂ ಗಿಡ್ಡ. ಸ್ನಾಯುವಿನವರೆಗೆ ಇಳಿಯಲು ಸುಮಾರು ಒಂದು ಅಂಗುಲದ ಸೂಜಿ ಬೇಕು. ಕೆಲವು ವೈದ್ಯರು ಪ್ರಮಾಣವನ್ನು ಮೊದಲೇ ಸಿರಿಂಜಿಗೆ ತುಂಬಿ ಕೊಡುತ್ತಾರೆ. ಆತುರದ ಹೊತ್ತಿನಲ್ಲಿ ಅದು ತುಂಬಾ ಅನುಕೂಲ, ಆದರೆ ಅದರ ಬಾಳಿಕೆ ಕಡಿಮೆಯಾದ್ದರಿಂದ ವೈದ್ಯರು ಹೇಳಿದ ಕೊನೆಯ ದಿನಾಂಕವನ್ನು ಅದರ ಮೇಲೇ ಬರೆದಿಡಬೇಕು.

ಪಟ್ಟಿಯಲ್ಲಿ ಅಂಥ ಮಗುವೇ ಇಲ್ಲದಿದ್ದರೂ ಶಾಲೆ ಆಂಪೂಲ್ ಕೊಂಡಿಡಬೇಕೇ? ಇಂಜೆಕ್ಷನ್ ಕೊಡಲು ಬರುವವರು, ಸಲಹೆ ಕೊಡುವ ವೈದ್ಯರು ಯಾರೂ ಇಲ್ಲದೆ ಕಪಾಟಿನಲ್ಲಿ ಬಿದ್ದಿರುವ ಆಂಪೂಲಿನಿಂದ ಪ್ರಯೋಜನಕ್ಕಿಂತ ಗೊಂದಲವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಅಂಥ ಶಾಲೆ ಮಾಡಬೇಕಾದ ಕೆಲಸ ಬೇರೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಮ್ಮೆ ಹೋಗಿ, ಅಡ್ರಿನಲಿನ್ ಇದೆಯೇ, ಶಾಲೆಯ ಅವಧಿಯಲ್ಲಿ ಅದನ್ನು ಕೊಡುವವರು ಯಾರಿರುತ್ತಾರೆ, ಮಧ್ಯಾಹ್ನ ಊಟದ ವಿರಾಮದಲ್ಲಿ ಬೀಗ ಬಿದ್ದಿರುತ್ತದೆಯೇ ಎಂದು ಕೇಳಿಕೊಂಡು ಬರಬೇಕು. ಉತ್ತರ ಸಮಾಧಾನಕರವಾಗಿರದಿದ್ದರೆ ಅದರಾಚೆಯ ಆಸ್ಪತ್ರೆ ಯಾವುದು ಎಂದು ಮೊದಲೇ ತಿಳಿದಿರಬೇಕು.

ತರಬೇತಿಗೆ ದೂರ ಹೋಗಬೇಕಿಲ್ಲ. ಲಸಿಕೆ ಹಾಕಲು ಶಾಲೆಗೆ ಬರುವ ಆರೋಗ್ಯ ಸುರಕ್ಷಾಧಿಕಾರಿಯ ಪೆಟ್ಟಿಗೆಯಲ್ಲಿ ಅನಾಫಿಲ್ಯಾಕ್ಸಿಸ್ ಕಿಟ್ ಇರುತ್ತದೆ. ಲಸಿಕೆಯಿಂದ ಯಾರಿಗಾದರೂ ತೀವ್ರ ಅಲರ್ಜಿಯಾದರೆ ಅಡ್ರಿನಲಿನ್‌ನ ಮೊದಲ ಡೋಸನ್ನು ಕೊಡಲು ಅವರಿಗೆ ತರಬೇತಿಯಾಗಿರುತ್ತದೆ. ಲಸಿಕೆಯ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳುವಂತೆ ಮುಂಚಿತವಾಗಿ ಕೇಳಿಕೊಂಡು, ಅಭ್ಯಾಸಕ್ಕೆ ಬಟ್ಟಿ ಇಳಿಸಿದ ನೀರಿನ ಆಂಪೂಲ್ ಮತ್ತು ಚುಚ್ಚಿ ಕಲಿಯಲು ಒಂದು ಮೂಸಂಬಿ ಹಣ್ಣು ತಂದಿಟ್ಟುಕೊಂಡರೆ ಸಾಕು. ಆಂಪೂಲಿನ ತಲೆಯನ್ನು ಬೆರಳಿನಿಂದ ತಟ್ಟಿ ಮೇಲೆ ನಿಂತ ದ್ರವವನ್ನು ಕೆಳಗಿಳಿಸಬೇಕು. ಕತ್ತಿನ ಮೇಲಿನ ಬಣ್ಣದ ಚುಕ್ಕೆಯನ್ನು ನಮ್ಮತ್ತ ತಿರುಗಿಸಿ ಹಿಡಿದು, ಕತ್ತಿಗೆ ಹತ್ತಿಯೋ ಬಟ್ಟೆಯೋ ಸುತ್ತಿ, ಆಚೆಗೆ ಬಾಗುವಂತೆ ಮುರಿಯಬೇಕು. ಸೂಜಿಯನ್ನು ಒಳಗಿಟ್ಟು ನಿಧಾನವಾಗಿ ಎಳೆದು, ಸೂಜಿ ಮೇಲೆ ಮಾಡಿ ಗುಳ್ಳೆ ತಟ್ಟಿ, ಗಾಳಿ ಹೊರಹಾಕಿ, ಕಾಗದದಲ್ಲಿ ಬರೆದ ಗೆರೆಗೆ ಸರಿಯಾಗಿ ನಿಲ್ಲಿಸಬೇಕು. ಮೊದಲ ಆಂಪೂಲ್ ಹೆಚ್ಚಿನವರ ಕೈಯಲ್ಲಿ ಪುಡಿಯಾಗುತ್ತದೆ. ಹಾಗಾಗುವುದು ಅಭ್ಯಾಸದ ದಿನವೇ ಆಗಲಿ. ತುರ್ತಿನಲ್ಲೂ ಒಂದು ಒಡೆಯಬಹುದು ಎಂಬ ಕಾರಣಕ್ಕೇ ಶಾಲೆಯ ಕಿಟ್‌ನಲ್ಲಿ ಯಾವಾಗಲೂ ಆಂಪೂಲ್‌ಗಳೂ ಸಿರಿಂಜ್‌ಗಳೂ ಮೂರು ಮೂರು ಇರಬೇಕು.

ನಾಲ್ಕನೆಯ ಹಂತ: ಇಡುವ ಜಾಗ

ಅಡ್ರಿನಲಿನ್‌ಗೆ ಬಿಸಿಲೂ ಬೆಳಕೂ ಆಗದು. 25 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ ಜಾಗದಲ್ಲಿ, ಅದರದೇ ರಟ್ಟಿನ ಡಬ್ಬಿಯಲ್ಲಿ ಇಡಬೇಕು, ಹೆಪ್ಪುಗಟ್ಟಲೂ ಬಿಡಬಾರದು. ಚಳ್ಳಕೆರೆ, ಹಿರಿಯೂರು ಕಡೆಯ ಏಪ್ರಿಲ್ ಬಿಸಿಲಿಗೆ ತಗಡಿನ ಮಾಡಿನ ಕೋಣೆಯೊಳಗಿನ ಕಬ್ಬಿಣದ ಬೀರು ಒಲೆಯಂತಾಗುತ್ತದೆ, ಶಿಕ್ಷಕರ ಬೈಕಿನ ಡಿಕ್ಕಿ ಅದಕ್ಕಿಂತ ಕಡೆ. ಉತ್ತರ ದಿಕ್ಕಿನ ಗೋಡೆಯ ಒಳಗೂಡು, ಆರ್‌ಸಿಸಿ ಕಟ್ಟಡದ ನೆಲಮಹಡಿಯ ನೆರಳು ಕೋಣೆ ಇಂಥ ಜಾಗಗಳನ್ನು ಹುಡುಕಿ, ಅಲ್ಲೊಂದು ಅಗ್ಗದ ತಾಪಮಾಪಕವನ್ನು ತೂಗುಹಾಕಿ ನೋಡಬೇಕು. ದೀರ್ಘ ರಜೆಯಲ್ಲಿ ಔಷಧವನ್ನು ಪೋಷಕರ ಮನೆಗೇ ಕೊಟ್ಟುಬಿಡುವುದು ಲೇಸು.

ಜಾಗಕ್ಕೆ ಬೀಗ ಹಾಕಬಾರದು. ಚಿಕ್ಕ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಎಲ್ಲ ಶಿಕ್ಷಕರಿಗೂ ಗೊತ್ತಿರುವ ಕಡೆ, ಕೆಂಪು ಬಣ್ಣದ ಡಬ್ಬಿಯಲ್ಲಿರಲಿ. ಬೀಗದ ಕೈ ಮುಖ್ಯ ಶಿಕ್ಷಕರ ಜೇಬಿನಲ್ಲಿ, ಮುಖ್ಯ ಶಿಕ್ಷಕರು ಬಿಇಒ ಕಚೇರಿಯ ಸಭೆಯಲ್ಲಿ ಎಂಬ ಪರಿಸ್ಥಿತಿ ಎಲ್ಲರಿಗೂ ಪರಿಚಿತವೇ. ತಿಂಗಳ ಮೊದಲ ಶನಿವಾರ ಡಬ್ಬಿ ತೆರೆದು ಅವಧಿ ಮುಗಿಯುವ ದಿನಾಂಕ ನೋಡಬೇಕು. ಔಷಧ ನೀರಿನಂತೆ ತಿಳಿಯಾಗಿರಬೇಕು. ಕಂದು ಅಥವಾ ಗುಲಾಬಿ ಛಾಯೆ ಬಂದಿದ್ದರೆ, ಕಣಗಳು ತೇಲುತ್ತಿದ್ದರೆ ಬದಲಿಸಬೇಕು.

ಐದನೆಯ ಹಂತ: ಗುರುತಿಸುವುದು

ಲಕ್ಷಣಗಳು ಸಾಮಾನ್ಯವಾಗಿ ತಿಂದ ಅಥವಾ ಕಚ್ಚಿಸಿಕೊಂಡ ಕೆಲವು ನಿಮಿಷಗಳಿಂದ ಎರಡು ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತವೆ. ಮೈಮೇಲೆ ಗಂಧೆ, ತುಟಿ ಊದುವುದು, ಬಾಯಿ ನವೆ ಇವಿಷ್ಟೇ ಇದ್ದರೆ ಅದು ಸೌಮ್ಯ ಅಲರ್ಜಿ; ಮಾತ್ರೆ ಕೊಟ್ಟು ಮಗುವನ್ನು ಕಣ್ಣೆದುರೇ ಕೂರಿಸಿಕೊಂಡು ಗಮನಿಸಬೇಕು. ಹೀಗೆ ಗಂಧೆ ಎದ್ದಾಗ ಕಂಬಳಿಯಿಂದ ಮೈ ಉಜ್ಜುವ ರೂಢಿ ನಮ್ಮ ಊರುಗಳಲ್ಲಿದೆ. ಅದರಿಂದ ತುರಿಕೆ ಹೆಚ್ಚುವುದಲ್ಲದೆ, ಉಸಿರನ್ನು ಗಮನಿಸಬೇಕಾದ ಕಣ್ಣು ಚರ್ಮದ ಮೇಲೆಯೇ ನೆಟ್ಟುಬಿಡುತ್ತದೆ.

ಅಪಾಯದ ಲಕ್ಷಣಗಳು ಮೂರು ಕಡೆ ಕಾಣುತ್ತವೆ. ಗಂಟಲಿನಲ್ಲಿ: ಧ್ವನಿ ಒಡೆಯುವುದು, ನುಂಗಲಾಗದೆ ಜೊಲ್ಲು ಸುರಿಯುವುದು, ನಾಲಿಗೆ ಊದುವುದು. ಎದೆಯಲ್ಲಿ: ಬಿಡದ ಒಣಕೆಮ್ಮು, ಸುಯ್ ಎಂಬ ಉಸಿರು, ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಲಾಗದಿರುವುದು. ರಕ್ತದೊತ್ತಡದಲ್ಲಿ: ಮುಖ ಬಿಳಿಚುವುದು, ಕಣ್ಣು ಕತ್ತಲೆ, ಮಗು ಸೋತು ಕುಸಿಯುವುದು. ಈ ಮೂರರಲ್ಲಿ ಯಾವುದೊಂದು ಕಂಡರೂ ಅಡ್ರಿನಲಿನ್ ಕೊಡುವ ಹೊತ್ತು ಬಂತೆಂದೇ ಅರ್ಥ. ಅಲರ್ಜಿ ಇದೆಯೆಂದು ಗೊತ್ತಿರುವ ಮಗುವಿಗೆ ಗಂಧೆಯ ಜೊತೆಗೆ ಬಿಡದ ವಾಂತಿ ಅಥವಾ ಹೊಟ್ಟೆ ಹಿಂಡಿದ ನೋವು ಬಂದರೂ ಹಾಗೆಯೇ. ಚರ್ಮದ ಮೇಲೆ ಏನೂ ಕಾಣದೆಯೇ ಹತ್ತರಲ್ಲಿ ಒಬ್ಬಿಬ್ಬರಿಗೆ ತೀವ್ರ ಅಲರ್ಜಿ ಆಗಬಹುದು. ಚಿಕ್ಕ ಮಕ್ಕಳು ಇದನ್ನು ತಮ್ಮದೇ ಮಾತಿನಲ್ಲಿ ಹೇಳುತ್ತಾರೆ: ‘ಮಿಸ್, ಗಂಟ್ಲಾಗೆ ಏನೋ ಸಿಕ್ಕಂಡಂಗಾಗೈತಿ’ ಎನ್ನಬಹುದು, ನಾಲಿಗೆಯನ್ನು ಕೈಯಿಂದ ಎಳೆದುಕೊಳ್ಳಬಹುದು, ಅಥವಾ ಆಡುತ್ತಿದ್ದವರು ಏಕಾಏಕಿ ಮಂಕಾಗಿ ಮೂಲೆ ಸೇರಬಹುದು.

ಬೆಳಗಿನ ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬೀಳುವ ಮಗುವಿಗೂ ಇದಕ್ಕೂ ವ್ಯತ್ಯಾಸವಿದೆ. ಬರೀ ತಲೆ ಸುತ್ತಿ ಬಿದ್ದ ಮಗು ಮಲಗಿಸಿದ ಒಂದೆರಡು ನಿಮಿಷದಲ್ಲಿ ಚೇತರಿಸಿಕೊಳ್ಳುತ್ತದೆ, ಉಸಿರಾಟಕ್ಕೆ ತೊಂದರೆ ಇರುವುದಿಲ್ಲ. ಕಾಗದವಿರುವ ಮಗುವಿನಲ್ಲಿ ಅನುಮಾನ ಬಂದರೆ ಕೊಡುವುದೇ ಸರಿ. ಸರಿಯಾದ ಪ್ರಮಾಣವನ್ನು ತೊಡೆಗೆ ಕೊಟ್ಟಾಗ ಸಾಮಾನ್ಯವಾಗಿ ಆಗುವುದು ಕೈನಡುಕ, ಎದೆಬಡಿತ, ತಲೆನೋವು. ಸ್ವಲ್ಪ ಹೊತ್ತಿನಲ್ಲಿ ಅವು ಇಳಿಯುತ್ತವೆ.

ಆರನೆಯ ಹಂತ: ಮೊದಲ ಐದು ನಿಮಿಷ

ಮಗುವನ್ನು ಇದ್ದಲ್ಲಿಯೇ ಮಲಗಿಸಿ ಕಾಲುಗಳನ್ನು ಬ್ಯಾಗಿನ ಮೇಲೆ ಎತ್ತರಕ್ಕಿಡಬೇಕು. ಆಫೀಸ್ ರೂಮಿಗೆ ನಡೆಸಿಕೊಂಡು ಬನ್ನಿ ಎನ್ನಬಾರದು. ಉಸಿರಾಟಕ್ಕೆ ತೊಂದರೆಯಿದ್ದು ಮಲಗಲಾರದೆ ಒದ್ದಾಡಿದರೆ ಕಾಲು ಚಾಚಿ ಒರಗಿ ಕೂರಿಸಬಹುದು. ವಾಂತಿಯಾಗುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಬೇಕು. ಒಬ್ಬರು ಮಗುವಿನ ಬಳಿಯೇ ಇರಲಿ, ಇನ್ನೊಬ್ಬರು ಕೆಂಪು ಡಬ್ಬಿ ತರಲಿ, ಮೂರನೆಯವರು 108ಕ್ಕೆ ಕರೆ ಮಾಡಲಿ.

ಇಂಜೆಕ್ಷನ್ ಕೊಡುವ ಜಾಗ ತೊಡೆಯ ಹೊರಭಾಗದ ನಡುಮಧ್ಯ. ಔಷಧದ ಹೆಸರು ಮತ್ತು ಪ್ರಮಾಣವನ್ನು ಒಬ್ಬರು ಜೋರಾಗಿ ಓದಬೇಕು, ಇನ್ನೊಬ್ಬರು ಕಾಗದ ನೋಡಿ ಹೌದೆನ್ನಬೇಕು. ಮಗು ಕಾಲು ಝಾಡಿಸಿದರೆ ಸೂಜಿಯಿಂದ ಚರ್ಮ ಸೀಳುವುದರಿಂದ ಮಂಡಿಯ ಮೇಲ್ಭಾಗವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ತೆಳುವಾದ ಯೂನಿಫಾರ್ಮಿನ ಮೇಲಿಂದಲೇ ಚುಚ್ಚಬಹುದು, ಆದರೆ ಜೇಬಿನಲ್ಲಿ ನಾಣ್ಯವೋ ಗೋಲಿಯೋ ಇಲ್ಲವೆಂದು ಒಮ್ಮೆ ಸವರಿ ನೋಡಬೇಕು. ಸೂಜಿಯನ್ನು ನೇರವಾಗಿ ಇಳಿಸಿ, ಔಷಧ ಬಿಟ್ಟು, ತೆಗೆದು, ಆ ಜಾಗವನ್ನು ಕೆಲ ಸೆಕೆಂಡು ಒತ್ತಿ ಹಿಡಿಯಬೇಕು. ರಕ್ತನಾಳಕ್ಕೆ, ತೋಳಿಗೆ, ಪೃಷ್ಠಕ್ಕೆ ಕೊಡಬಾರದು. ಕೊಟ್ಟ ಸಮಯವನ್ನು ಮಗುವಿನ ಮುಂಗೈ ಮೇಲೆ ಪೆನ್ನಿನಿಂದ ಬರೆದುಬಿಡಿ. ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಅದೂ ಒಂದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗದೆ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಕು.

ಐದು ನಿಮಿಷವಾದರೂ ಸುಧಾರಿಸದಿದ್ದರೆ, ವೈದ್ಯರ ಕಾಗದದಲ್ಲಿ ಹಾಗೆ ಬರೆದಿದ್ದರೆ, ಎರಡನೆಯ ಡೋಸನ್ನು ಇನ್ನೊಂದು ತೊಡೆಗೆ ಕೊಡಬೇಕು. ಉಬ್ಬಸವಿರುವ ಮಗುವಿಗೆ ಅದರ ನೀಲಿ ಇನ್‌ಹೇಲರನ್ನು ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಮೂಲಕ ಕೊಡಬಹುದು, ಅದೂ ಅಡ್ರಿನಲಿನ್ ಆದ ಮೇಲೆಯೇ. ನೀರು ಕುಡಿಸುವುದು, ಬೆರಳಿಟ್ಟು ವಾಂತಿ ಮಾಡಿಸುವುದು, ಮೂಗಿಗೆ ಈರುಳ್ಳಿ ಹಿಡಿಯುವುದು ಇವೆಲ್ಲ ಬೇಡ. ಉಸಿರಾಟ ನಿಂತರೆ ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ಆಂಬುಲೆನ್ಸ್ ಬರುವವರೆಗೆ ಬಿಡದೆ ಮಾಡಬೇಕು. ಆದ್ದರಿಂದ ಅದನ್ನೂ ತರಬೇತಿಯ ದಿನವೇ ಕಲಿತಿರಬೇಕು.

ಏಳನೆಯ ಹಂತ: ಆಸ್ಪತ್ರೆಯ ದಾರಿ

ಅಡ್ರಿನಲಿನ್ ಕೊಟ್ಟ ಕೂಡಲೇ ಮಗು ಎದ್ದು ಕೂತು ನಕ್ಕರೂ ಆಸ್ಪತ್ರೆಗೆ ಹೋಗಲೇಬೇಕು. ಔಷಧದ ಪ್ರಭಾವ ಬೇಗ ಇಳಿಯುತ್ತದೆ, ಲಕ್ಷಣಗಳು ಕೆಲವು ಗಂಟೆಗಳ ನಂತರ ಮರಳಿ ಬರುವುದುಂಟು. 108ಕ್ಕೆ ಹೇಳುವಾಗ ‘ಮಗುವಿಗೆ ತೀವ್ರ ಅಲರ್ಜಿ, ಉಸಿರಾಟಕ್ಕೆ ತೊಂದರೆ, ಅಡ್ರಿನಲಿನ್ ಕೊಟ್ಟಿದ್ದೇವೆ’ ಎಂಬ ಮಾತು ಮೊದಲು ಬರಲಿ. ಆಮೇಲೆ ಊರು, ತಾಲ್ಲೂಕು, ಗುರುತಿನ ಜಾಗ. ನಮ್ಮಲ್ಲಿ ಒಂದೇ ಹೆಸರಿನ ಹಳ್ಳಿಗಳು ಹಲವು ಇರುವುದರಿಂದ ತಾಲ್ಲೂಕನ್ನು ಹೇಳದಿದ್ದರೆ ಆಂಬುಲೆನ್ಸ್ ಬೇರೆ ಊರಿಗೆ ಹೊರಟೀತು. ಈ ಮೂರು ಸಾಲುಗಳನ್ನು ಬರೆದು ಫೋನಿನ ಬಳಿ ಅಂಟಿಸಿಡಿ. ಹಿರಿಯ ವಿದ್ಯಾರ್ಥಿಯೊಬ್ಬನನ್ನು ಡಾಂಬರು ರಸ್ತೆಯ ತಿರುವಿಗೆ ಕಳಿಸಿ ನಿಲ್ಲಿಸಿ.

ದಾವಣಗೆರೆ ನಗರದಲ್ಲಾದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆಗಳಿವೆ. ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಜಗಳೂರು, ಹೊಸದುರ್ಗ, ಮೊಳಕಾಲ್ಮೂರು ಕಡೆಯ ಹಳ್ಳಿಯವರು ಮಾತ್ರ ದೊಡ್ಡ ಆಸ್ಪತ್ರೆಯನ್ನೇ ಗುರಿಯಾಗಿಟ್ಟುಕೊಂಡು ದಾರಿಯಲ್ಲಿ ಸಿಗುವ ಆರೋಗ್ಯ ಕೇಂದ್ರವನ್ನೋ ತಾಲ್ಲೂಕು ಆಸ್ಪತ್ರೆಯನ್ನೋ ದಾಟಿ ಹೋಗಬಾರದು. ಅಡ್ರಿನಲಿನ್ ಮತ್ತು ಆಮ್ಲಜನಕ ಸಿಗುವ ಮೊದಲ ಜಾಗದಲ್ಲಿ ನಿಲ್ಲಬೇಕು, ಅಲ್ಲಿಂದ ಮುಂದಕ್ಕೆ ಆಂಬುಲೆನ್ಸಿನಲ್ಲಿ ಹೋಗಬೇಕು.

ಆಂಬುಲೆನ್ಸ್ ತಡವಾಗುತ್ತದೆಂದು ಗೊತ್ತಾದರೆ ಆಟೋ, ಕಾರು, ಟಾಟಾ ಏಸ್ ಯಾವುದಾದರೂ ಆದೀತು, ಬೈಕು ಬೇಡ. ಇಬ್ಬರ ನಡುವೆ ಮಗುವನ್ನು ಕೂರಿಸಿಕೊಂಡು ಓಡುವುದು ಹಳ್ಳಿಯಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಆದರೆ ರಕ್ತದೊತ್ತಡ ಕುಸಿದ ಮಗುವನ್ನು ನೆಟ್ಟಗೆ ಕೂರಿಸಿದರೆ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಜೀವಕ್ಕೇ ಅಪಾಯವಾಗಬಹುದು. ಹಿಂದಿನ ಸೀಟಿನಲ್ಲಿ ಮಲಗಿಸಿ, ಕಾಲುಗಳನ್ನು ಜೊತೆಗಿದ್ದವರ ಮಡಿಲಲ್ಲಿಟ್ಟುಕೊಂಡು, ಉಳಿದ ಆಂಪೂಲ್‌ಗಳನ್ನೂ ವೈದ್ಯರ ಕಾಗದವನ್ನೂ ಕೈಯಲ್ಲಿ ಹಿಡಿದು ಹೊರಡಬೇಕು.

ಅಡುಗೆಮನೆ ಮತ್ತು ಬುತ್ತಿ

ಬಿಸಿಯೂಟದಲ್ಲಿ ಹಾಲು, ಮೊಟ್ಟೆ, ಗೋಧಿ, ಬೇಳೆಗಳು ನಿತ್ಯದ ಸಾಮಗ್ರಿ. ಅಲರ್ಜಿಯಿರುವ ಮಗುವಿನ ಭಾವಚಿತ್ರವಿರುವ ಕಾಗದದ ಪ್ರತಿಯೊಂದು ಅಡುಗೆಮನೆಯ ಒಳಗೋಡೆಯಲ್ಲಿರಲಿ. ಆ ಮಗುವಿಗೆ ಮೊದಲು ಬಡಿಸಬೇಕು, ಬೇರೆ ಸೌ‍ಟಿನಲ್ಲಿ ಬಡಿಸಬೇಕು. ಶೇಂಗಾ ಅಲರ್ಜಿಯ ಮನೆಯವರು ಕೇಳುವ ಒಂದು ಪ್ರಶ್ನೆ ಎಣ್ಣೆಯದು. ಚೆನ್ನಾಗಿ ಶುದ್ಧೀಕರಿಸಿದ ಶೇಂಗಾ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನು ಉಳಿದಿರುವುದು ತೀರಾ ಕಡಿಮೆ. ಗಾಣದ ಎಣ್ಣೆಯಲ್ಲಿ ಅದು ಉಳಿದಿರುತ್ತದೆ. ಎಣ್ಣೆ ಮಿಲ್ಲುಗಳಿಗೆ ಹೆಸರಾದ ಚಳ್ಳಕೆರೆಯ ಸುತ್ತ ಗಾಣದ ಎಣ್ಣೆಯೇ ಆರೋಗ್ಯಕ್ಕೆ ಒಳ್ಳೆಯದೆಂದು ದಾನ ಕೊಡುವವರು ಸಿಗಬಹುದು. ಈ ಒಂದು ಮಗುವಿನ ಮಟ್ಟಿಗೆ ಅದು ಹಾಗಲ್ಲ ಎಂದು ಅವರಿಗೆ ಬಿಡಿಸಿ ಹೇಳಬೇಕು.

ಪ್ಯಾಕೆಟ್ ತಿಂಡಿಗಳ ಮೇಲೆ ಅಲರ್ಜಿಕಾರಕಗಳನ್ನು ಬರೆಯಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳಿವೆ. ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸೀಗಡಿಯಂಥ ಚಿಪ್ಪುಜೀವಿಗಳು, ಶೇಂಗಾ, ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ, ಸಲ್ಫೈಟ್ ಆ ಪಟ್ಟಿಯಲ್ಲಿವೆ. ನಮ್ಮ ಊಟತಿಂಡಿಯಲ್ಲಿ ಎಲ್ಲೆಲ್ಲೂ ಇರುವ ಎಳ್ಳು ಮತ್ತು ಕಡಲೆ ಅದರಲ್ಲಿಲ್ಲ. ಹಾಗಾಗಿ ಎಳ್ಳಿನ ಅಲರ್ಜಿಯ ಮಗುವಿಗೆ ಲೇಬಲ್ಲಿನ ದಪ್ಪಕ್ಷರದ ಸಾಲು ಸಾಲದು, ಪದಾರ್ಥಗಳ ಪೂರ್ತಿ ಪಟ್ಟಿ ಓದಬೇಕು. ಅಂಗಡಿಯಲ್ಲಿ ಕಟ್ಟಿಸಿದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ಲೇಬಲ್ಲೇ ಇರುವುದಿಲ್ಲ. ಊಟದ ನಂತರ ಕೈತೊಳೆಯಲು ಸೋಪು ಮತ್ತು ನೀರು ಬೇಕು. ಸ್ಯಾನಿಟೈಸರ್ ಕೈಮೇಲಿನ ಪ್ರೋಟೀನನ್ನು ತೆಗೆಯುವುದಿಲ್ಲ.

ಇದನ್ನೆಲ್ಲ ಮಾಡುವ ಭರದಲ್ಲಿ ಮಗುವನ್ನು ಪಂಕ್ತಿಯಿಂದ ಎಬ್ಬಿಸಿ ಒಂಟಿಯಾಗಿ ಕೂರಿಸಬಾರದು. ಪಕ್ಕದವರ ತಟ್ಟೆಯ ವಾಸನೆಯಿಂದ ತೀವ್ರ ಅಲರ್ಜಿಯಾಗುವುದು ತೀರಾ ವಿರಳ. ಅಪಾಯವಿರುವುದು ಬಾಯಿಗೆ ಹೋದರೆ. ‘ಅವಳಿಗೆ ನಿನ್ನ ಉಂಡೆ ಕೊಡಬೇಡ, ಅವಳು ಕೇಳಿದರೂ ಕೊಡಬೇಡ, ಅವಳಿಗೆ ಏನಾದರೂ ಆದರೆ ಓಡಿಬಂದು ಹೇಳು’ ಎಂದು ತರಗತಿಗೆಲ್ಲ ಒಮ್ಮೆ ಹೇಳಿದರೆ ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ಕಾಯುತ್ತಾರೆ.

ಪ್ರವಾಸದ ದಿನ

ಡಿಸೆಂಬರ್, ಜನವರಿಯಲ್ಲಿ ಶಾಲೆಯ ಬಸ್ಸುಗಳು ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ, ವಾಣಿ ವಿಲಾಸ ಸಾಗರ, ಸೂಳೆಕೆರೆ ಕಡೆ ಹೊರಡುತ್ತವೆ. ಬಂಡೆಯ ಸಂದುಗಳಲ್ಲೂ ಎತ್ತರದ ಮರಗಳಲ್ಲೂ ಕಟ್ಟುವ ಹೆಜ್ಜೇನಿನ ಗೂಡಿಗೆ ಕಲ್ಲೆಸೆಯುವವರು, ಗೂಡಿನ ಕೆಳಗೆ ಹೊಗೆಯೆಬ್ಬಿಸುವವರು ಪ್ರತಿ ತಂಡದಲ್ಲೂ ಇರುತ್ತಾರೆಂದು ಭಾವಿಸಿಯೇ ಹೊರಡಬೇಕು. ಕಾಗದವಿರುವ ಮಗುವಿನ ಜೊತೆ ಕೆಂಪು ಡಬ್ಬಿ ಹೋಗಬೇಕು, ಬಸ್ಸಿನ ಮೇಲಿನ ಲಗೇಜಿನಲ್ಲಲ್ಲ, ತರಬೇತಾದ ಶಿಕ್ಷಕರ ಹೆಗಲಚೀಲದಲ್ಲಿ. ಏಳು ಸುತ್ತಿನ ಕೋಟೆಯ ಮೇಲಿನ ಸುತ್ತುಗಳಿಂದ ಮಗುವನ್ನು ಕೆಳಗಿಳಿಸಲು ಎಷ್ಟು ಹೊತ್ತು ಬೇಕೆಂದು ಒಮ್ಮೆ ಯೋಚಿಸಿದರೆ, ಔಷಧ ಬಸ್ಸಿನಲ್ಲಿದ್ದರೆ ಇಲ್ಲದಂತೆಯೇ ಎಂಬುದು ತಿಳಿಯುತ್ತದೆ.

ಹುಳುಗಳು ಎದ್ದರೆ ಮೊದಲು ಎಲ್ಲರೂ ತಲೆ ಮುಖ ಮುಚ್ಚಿಕೊಂಡು ಆ ಜಾಗದಿಂದ ದೂರ ಓಡಬೇಕು. ಚರ್ಮದಲ್ಲಿ ಉಳಿದ ಕೊಂಡಿಯನ್ನು ಉಗುರಿನಿಂದ ಕೆರೆದು ತಕ್ಷಣ ತೆಗೆಯಬೇಕು. ಸರಿಯಾದ ವಿಧಾನ ಹುಡುಕುತ್ತ ತಡಮಾಡಿದಷ್ಟೂ ಹೆಚ್ಚು ವಿಷ ಒಳಗೆ ಹೋಗುತ್ತದೆ. ಅಲರ್ಜಿಯಿಲ್ಲದ ಮಗುವಿಗೂ ಹತ್ತಾರು ಹುಳುಗಳು ಒಟ್ಟಿಗೆ ಕಚ್ಚಿದ್ದರೆ ಆಸ್ಪತ್ರೆಗೇ ಹೋಗಬೇಕು.

ಘಟನೆಯ ನಂತರ

ಮಗು ಶಾಲೆಗೆ ಮರಳುವ ಮುನ್ನ ನಾಲ್ಕು ಕೆಲಸಗಳಿವೆ. ಏನು ತಿಂದಿತ್ತು, ಎಷ್ಟು ಹೊತ್ತಿಗೆ ಏನು ಕಂಡಿತು, ಯಾರು ಏನು ಮಾಡಿದರು ಎಂಬುದನ್ನು ಅದೇ ದಿನ ಬರೆದಿಡಬೇಕು. ವಾರ ಕಳೆದರೆ ಒಬ್ಬೊಬ್ಬರ ನೆನಪು ಒಂದೊಂದು ಥರ ಆಗುತ್ತದೆ. ಆ ಬರಹದ ಪ್ರತಿಯನ್ನು ಪೋಷಕರಿಗೆ ಕೊಟ್ಟು, ಅಲರ್ಜಿಯ ಕಾರಣವನ್ನು ಖಚಿತಪಡಿಸಿಕೊಳ್ಳಲು ಮಕ್ಕಳ ತಜ್ಞರಲ್ಲಿಗೆ ಹೋಗುವಂತೆ ಹೇಳಬೇಕು, ಏಕೆಂದರೆ ಊಹೆಯ ಮೇಲೆ ಮೊಟ್ಟೆ, ಹಾಲು, ಬೇಳೆ ಎಲ್ಲವನ್ನೂ ಬಿಡಿಸಿಬಿಟ್ಟರೆ ಬೆಳೆಯುವ ಮಗುವಿಗೆ ಅದೇ ಇನ್ನೊಂದು ತೊಂದರೆ. ವೈದ್ಯರ ಕಾಗದವನ್ನು ಹೊಸದಾಗಿ ಬರೆಸಬೇಕು. ಖರ್ಚಾದ ಆಂಪೂಲ್, ಸಿರಿಂಜ್‌ಗಳನ್ನು ಅದೇ ವಾರ ತಂದು ಡಬ್ಬಿಯಲ್ಲಿ ಮತ್ತೆ ಮೂರು ಮೂರು ಇರುವಂತೆ ಮಾಡಿ, ಪುಸ್ತಕದಲ್ಲಿ ದಿನಾಂಕ ಹಾಕಿ ಹೊಣೆ ಹೊತ್ತವರೆಲ್ಲರೂ ಸಹಿ ಮಾಡಬೇಕು.